ಏಳನೆಯ ಸಾಲು

ದರ್ಜಿ ಮಾಚಯ್ಯನವರ ಅಂಗಡಿಯ ಹಿಂದಿನ ಗೋಡೆಯ ಮೇಲೆ ಐದು ಡಬ್ಬಿ ಮುಚ್ಚಳಗಳು ಕಪ್ಪು ಬಳಿದುಕೊಂಡು ಸಾಲಾಗಿ ನಿಂತಿರುತ್ತಿದ್ದವು. ನನ್ನ ಹದಿನೆಂಟನೆಯ ವರ್ಷವನ್ನು ಇಡಿಯಾಗಿ ನುಂಗಿದ್ದು ಆ ಐದು ಕರಿ ಮುಖಗಳೇ.

ಮಾಚಯ್ಯ ಸೈನ್ಯದಲ್ಲಿದ್ದಾಗ ಬಯಾಥ್ಲಾನ್ ಆಡಿದವರು. ಕಾಲಿಗೆ ಸ್ಕೀ ಎಂಬ ಉದ್ದನೆಯ ಜಾರುಪಟ್ಟಿ ಕಟ್ಟಿ ಹಿಮದ ಮೇಲೆ ಓಡಬೇಕು, ಉಸಿರು ಗಂಟಲಿಗೆ ಬಂದಾಗ ನಿಂತು ಬಂದೂಕಿನಿಂದ ಐದು ಗುರಿ ಬೀಳಿಸಬೇಕು, ತಪ್ಪಿದ ಒಂದೊಂದಕ್ಕೂ ಒಂದು ಸುತ್ತು ಹೆಚ್ಚು ಓಡಬೇಕು. ನಮ್ಮೂರಿಗೆ ಹಿಮ ಎಲ್ಲಿಂದ ಬರಬೇಕು? ನನಗೆ ಚಕ್ರ ಹಾಕಿದ ಸ್ಕೀ ಕಟ್ಟಿಸಿ ಟಾರು ರಸ್ತೆಯ ಏರಿನಲ್ಲಿ ಓಡಿಸುತ್ತಿದ್ದರು. ಮೇಲೆ ಬಂದವಳ ಕೈಗೆ ಮೊದಲು ಸೂಜಿ, ದಾರ. ಪೋಣಿಸಿದ ಮೇಲೆಯೇ ಏರ್‌ಗನ್.

"ಕೈ ನಡುಗ್ತಿದೆ ಸರ್!"

"ನಡುಗ್ಲಿ ಬಿಡು. ಉಸಿರು ಪೂರ್ತಿ ಹೊರಗೆ ಬಿಟ್ಟಾಗ ಒಂದು ಗಳಿಗೆ ಎಲ್ಲ ಸುಮ್ಮನಾಗುತ್ತೆ. ಆಗ ಪೋಣಿಸು."

ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿತ್ತು. ಓಟದಲ್ಲಿ ನನಗೆ ಸಾಟಿಯಿರಲಿಲ್ಲ, ಆದರೆ ನಿಂತು ಹೊಡೆದರೆ ಐದರಲ್ಲಿ ಎರಡು, ಹೆಚ್ಚೆಂದರೆ ಮೂರು. ಐದೂ ಒಮ್ಮೆಯೂ ಬಿದ್ದಿರಲಿಲ್ಲ.

"ಎರಡು ವರ್ಷ ನೋಡಿದೀನಿ," ಎಂದಳು ಅಮ್ಮ. "ಈ ಆಯ್ಕೇಲಿ ಆಗ್ಲಿಲ್ಲ ಅಂದ್ರೆ ಆ ಚಕ್ರದ ಕೋಲುಗಳನ್ನ ಅಟ್ಟಕ್ಕೆ ಹಾಕ್ತೀನಿ. ಆ ಮಾಚಯ್ಯನವರ ಹತ್ರಾನೇ ಹೊಲಿಗೆ ಕಲಿ."

ದೇಶದ ತಂಡಕ್ಕೆ ಬೇಕಾಗಿದ್ದದ್ದು ಒಬ್ಬಳೇ. ಹದಿನೈದು ದಿನ ಮೊದಲೇ ಹಿಮದ ಊರಿಗೆ ಹೋದೆವು. ಅಲ್ಲಿ ಒಬ್ಬೊಬ್ಬರಿಗೂ ಐದೈದು ಗುರಿಗಳ ಒಂದೊಂದು ಸಾಲು, ಅದಕ್ಕೊಂದು ಅಂಕಿ. ಅಭ್ಯಾಸಕ್ಕೆ ನನಗೆ ಸಿಕ್ಕಿದ್ದು ಗೋಡೆಯ ಪಕ್ಕದ ಕೊನೆಯ ಸಾಲು. ಅಂಕಿ ನೋಡದೆ ಕಣ್ಣೆತ್ತಿದರೂ ಅದೇ ಸಾಲು ಕಾಣುತ್ತಿತ್ತು.

ಆಯ್ಕೆ ಸ್ಪರ್ಧೆಯ ದಿನ ನನಗೆ ಕೊಟ್ಟದ್ದು ನಡುವಿನ ಏಳನೆಯ ಸಾಲು. ಕೊನೆಯ ಸಲ ಗುರಿ ಹೊಡೆಯಲು ಎಲ್ಲರಿಗಿಂತ ಮೊದಲು ಬಂದೆ. ಎದೆ ಡವಗುಟ್ಟುತ್ತಿತ್ತು, ಕಾಲು ಆಗಲೇ ಓಡಿಹೋಗಲು ಹಟ ಮಾಡುತ್ತಿತ್ತು. ಉಸಿರು ಬಿಟ್ಟೆ. ಆ ಗಳಿಗೆ ಬಂತು! ಒಂದು, ಎರಡು, ಮೂರು, ನಾಲ್ಕು, ಐದು. ಗುಂಡು ತಗುಲಿದ ಕರಿ ಬಿಲ್ಲೆಗಳೆಲ್ಲ ಬೆಳ್ಳಗಾದವು. ಕೂಗಿಕೊಂಡು ಬಂದೂಕು ಇಳಿಸಿದೆ. ಬೇಲಿಯಾಚೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಏಳು! ನಿಂದು ಏಳು ಕಣಮ್ಮಾ!" ಮಾಚಯ್ಯನವರ ದನಿ ಒಡೆದಿತ್ತು.

ತಿರುಗಿ ನೋಡಿದೆ. ಏಳರಲ್ಲಿ ಐದೂ ಕರಿ ಮುಖಗಳು ಹಾಗೇ ಇದ್ದವು. ನಾನು ಬೀಳಿಸಿದ್ದು ಎಂಟನೆಯ ಸಾಲಿನವು. ಆ ಸಾಲಿನ ಹುಡುಗಿ ರೇವತಿ ಆಗಷ್ಟೇ ಜಾರಿಕೊಂಡು ಬಂದಳು.

"ನಂದೂ ನೀನೇ ಹೊಡ್ದಿಟ್ಯಾ? ನಂಗೂ ಒಂದೆರಡು ಬಿಡೋದಲ್ವೇನೇ!"

ಅವಳ ಗುರಿಗಳನ್ನು ಅಧಿಕಾರಿಗಳು ಮತ್ತೆ ಎಬ್ಬಿಸಿಕೊಟ್ಟರು. ನನ್ನ ಪಾಲಿಗೆ ಐದು ಸುತ್ತು. ಸುತ್ತುತ್ತಿರುವಾಗಲೇ ಮೂವರು ದಾಟಿ ಹೋದರು. ನಾಲ್ಕನೆಯವಳಾಗಿ ಮುಗಿಸಿದೆ.

ಊರಿಗೆ ಮರಳುವ ರೈಲಿನಲ್ಲಿ ಮಾಚಯ್ಯ ನನ್ನ ಸ್ಕೀಗಳನ್ನು ಕಟ್ಟಿ ಸೀಟಿನ ಕೆಳಗೆ ತಳ್ಳಿದರು. ಆಮೇಲೆ, "ಒಂದೇ ಸಾಲು ನಿಲ್ಲಿಸಿ ಹೊಡೆಸಿದೆ," ಎಂದರು. "ನಿಂದು ಯಾವುದು ಅಂತ ಹುಡುಕೋದನ್ನ ಕಲಿಸಲೇ ಇಲ್ಲ. ತಪ್ಪು ನಂದು."

ಮನೆಗೆ ಬಂದು ಅಮ್ಮನೆದುರೂ ಅದನ್ನೇ ಹೇಳಿದರು. ಅಮ್ಮ ಕೇಳಿದಳು: "ಹಾಗಾದ್ರೆ ಒಂದೂ ಬೀಳಲಿಲ್ವಾ?"

"ಬಿತ್ತು ತಾಯಿ. ಐದೂ ಬಿತ್ತು. ಪಕ್ಕದವಳದು."

"ಐದೂ?"

ಅಮ್ಮ ನನ್ನ ಮೊಣಕಾಲನ್ನೇ ನೋಡಿದಳು. ಅದು ಅಲುಗಾಡದೆ ಕೂತಿತ್ತು. ಏಣಿ ಎಳೆದು ಅಟ್ಟ ಹತ್ತಿದಳು. ಸ್ಕೀಗೆ ಜಾಗ ಮಾಡುತ್ತಿದ್ದಾಳೆಂದುಕೊಂಡೆ. ಮೇಲೆ ತಗಡು ಸದ್ದಾಯಿತು. ಇಳಿದಾಗ ಅವಳ ಸೆರಗಿನ ತುಂಬ ಹಳೆಯ ಡಬ್ಬಿ ಮುಚ್ಚಳಗಳು. ಮಾಚಯ್ಯನವರ ಮುಂದೆ ಸುರಿದಳು.

"ಒಂದೇ ಸಾಲು ಇಟ್ಕೊಂಡು ಎಂಥ ಮೇಷ್ಟ್ರು ರೀ ನೀವು?"

ಮುಂದೆ ನಾನು ತಂಡ ಸೇರಿದೆ, ಎಷ್ಟೋ ಹಿಮದ ಊರುಗಳಲ್ಲಿ ಓಡಿದೆ. ಕಣ್ಣು ಮುಚ್ಚಿದರೆ ಬರುವುದು ಮಾತ್ರ ಅಮ್ಮ ಮುಚ್ಚಳ ಸುರಿದ ಮಾರನೆಯ ಬೆಳಗು. ಏರು ಹತ್ತಿ ಬಂದೆ, ಸೂಜಿಗೆ ದಾರ ಪೋಣಿಸಿದೆ. ಗೋಡೆಯ ಮೇಲೆ ನಾಲ್ಕು ಸಾಲು ಕರಿ ಮುಖಗಳು, ಒಂದೊಂದರ ಕೆಳಗೂ ದರ್ಜಿ ಸೀಮೆಸುಣ್ಣದಲ್ಲಿ ಬರೆದ ಅಂಕಿ. ಬಣ್ಣ ಇನ್ನೂ ಒದ್ದೆಯಾಗಿತ್ತು. ಉಸಿರು ಬಿಟ್ಟು, ಗುಂಡು ಹಾರಿಸದೆ, ಮಾಚಯ್ಯ ಕೂಗಿ ಹೇಳಿದ ನನ್ನ ಅಂಕಿ ಎಲ್ಲಿದೆಯೆಂದು ಹುಡುಕುತ್ತ ನಿಂತೆ.