ಕೆರೆಯಲ್ಲಿ ಹೂತಿಟ್ಟ ಗಾಳದ ಕೋಲು

ಬಂಗಾರಪೇಟೆಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಬಿದಿರನ್ನು ಕಡಿದ ಹಾಗೇ ಬಳಸುವುದಿಲ್ಲ. ಕೆರೆಯ ಕೆಸರಿನಲ್ಲಿ ಹೂತಿಟ್ಟು, ಒಳಗಿನ ಸಿಹಿಯೆಲ್ಲ ನೀರಿಗೆ ಇಳಿದ ಮೇಲೆ ತೆಗೆದು ನೆರಳಿನಲ್ಲಿ ಒಣಗಿಸುತ್ತಾರೆ. ಆಮೇಲೆ ಹುಳು ಅದರ ತಂಟೆಗೆ ಬರುವುದಿಲ್ಲ. ಸೂರು ಕಟ್ಟುವ ಕೋದಂಡಪ್ಪ ಹೀಗೆ ಪಳಗಿಸಿದ ಗಳುಗಳೇ ಊರಿನ ಅರ್ಧ ಮನೆಗಳನ್ನು ಹೊತ್ತಿದ್ದವು.

ಅವನ ಅಣ್ಣ ಮುನಿಸ್ವಾಮಪ್ಪ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಕಲ್ಲು ಕೊರೆದವನು. ಧೂಳು ಎದೆಯಲ್ಲಿ ಕೂತ ಮೇಲೆ ಊರಿಗೆ ಬಂದು ಜಗಲಿ ಹಿಡಿದಿದ್ದ. ಗಣಿಯಲ್ಲಿದ್ದಾಗ ಭಾನುವಾರ ಇಂಗ್ಲಿಷ್ ದೊರೆಯೊಬ್ಬರ ಮೀನುಬುಟ್ಟಿ ಹೊತ್ತು ಬೇತಮಂಗಲದ ಕೆರೆಗೆ ಹೋಗುತ್ತಿದ್ದ. ದೊರೆಯ ಕೊಕ್ಕೆಯಲ್ಲಿ ಎರೆಹುಳುವಿಲ್ಲ, ಹಿಟ್ಟಿಲ್ಲ. ಹಕ್ಕಿಗರಿ ಸುತ್ತಿ ಮಾಡಿದ ಒಂದು ನೊಣ. ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹಾರಿಸಿ ಆ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತಿದ್ದರು. ಅಂಥದೊಂದು ಎಸೆತ ತಾನೂ ಎಸೆಯಬೇಕೆಂಬುದೇ ಮುನಿಸ್ವಾಮಪ್ಪನಿಗೆ ಉಳಿದಿದ್ದ ಆಸೆ.

"ಮೀನು ತಿನ್ನೋ ಆಸೆ ಇದ್ರೆ ಯೋಳು, ಸಂತೇಲಿ ತರ್ಸ್ತೀನಿ," ಎಂದು ಹೆಂಡತಿ ಮಂಗಮ್ಮ ಗೇಲಿ ಮಾಡಿದಳು.

"ತಿನ್ನೋಕಲ್ಲ ಕಣೇ. ಎಸೆಯೋಕೆ."

ಗಾಳದ ಕೋಲು ಕೊಳ್ಳಲು ಅಣ್ಣ ತಮ್ಮ ರೈಲು ಹತ್ತಿ ಆಂಡರ್ಸನ್‌ಪೇಟೆಗೆ ಹೋದರು. ಸೀಮೆಗೆ ಹಿಂತಿರುಗಿದ ದೊರೆಗಳ ಹಳೇ ಸಾಮಾನು ಮಾರುವ ಪೆರುಮಾಳ್ ಮೊದಲು ಕಪ್ಪು ಮರದ ಕೋಲು ಕೊಟ್ಟ. ಮುನಿಸ್ವಾಮಪ್ಪ ಎತ್ತಿದವನೇ ಅದನ್ನು ಕೆಳಗಿಟ್ಟ.

"ಒನಕೆ ಕಣಯ್ಯಾ ಇದು! ಮೀನು ಇಡಿಯೋಕೋ, ಕುಟ್ಟೋಕೋ?"

ಇನ್ನೊಂದರ ಕೀಲು ಸಡಿಲ. ಮೂರನೆಯದು ಬಿದಿರಿನದು, ರೇಷ್ಮೆ ದಾರ ಸುತ್ತಿ ಮೆರುಗೆಣ್ಣೆ ಬಳಿದದ್ದು. ತುದಿಗೆ ತೇಪೆ ಇದ್ದುದರಿಂದ ಅಗ್ಗ. ಮುನಿಸ್ವಾಮಪ್ಪ ಮಣಿಕಟ್ಟನ್ನು ಇಷ್ಟೇ ಆಡಿಸಿದ. ಮಿಡಿತ ತುದಿಯವರೆಗೂ ಓಡಿತು.

"ಒಸದಾಗಿ ಕಲಿಯೋನಿಗೆ ಇಂಥದೇ ಬೇಕು ಕಣ್ಲಾ. ಕೈ ಯೋಳಿದ್ದು ತುದೀಗೆ ಕೇಳುಸ್ತದೆ."

"ಅಪ್ಪಾ, ಮಗು ತರ ನೋಡ್ಕೋ ಸ್ವಾಮಿ," ಎಂದು ಪೆರುಮಾಳ್ ದಾರದ ಉರುಳೆಯನ್ನೂ ಸೇರಿಸಿಕೊಟ್ಟ.

ಸಂಜೆ ಊರಿಗೆ ಬಂದವರು ನೇರ ಕೆರೆಯ ಏರಿ ಹತ್ತಿದರು. ಮುನಿಸ್ವಾಮಪ್ಪ ದಾರ ಪೋಣಿಸಲು ಕೂತ. ಅಷ್ಟರಲ್ಲಿ ಹಿಡಿಯ ಹತ್ತಿರ ಸೂಜಿಮೊನೆಯಷ್ಟು ತೂತೊಂದು ಕೋದಂಡಪ್ಪನ ಕಣ್ಣಿಗೆ ಬಿತ್ತು.

"ಉಳ ಬಿದ್ದೈತೆ ಅಣ್ಣಾ. ಕೆಸರಲ್ಲಿ ಊತು ಪಳಗ್ಸಿ ಕೊಡ್ತೀನಿ. ನೂರು ಕಾಲ ಬಾಳ್ತದೆ."

"ನೂರು ಕಾಲ ಯಾರಿಗ್ಲಾ ಬೇಕು? ಇವತ್ತು ಉಸುರು ಸಲೀಸಾಗೈತೆ. ಒಂದ್ಸಲ ಎಸೀತೀನಿ."

"ಎಸೆಯೋವಾಗ ಮುರುದ್ರೆ? ಬಿದಿರಿನ ಇಸ್ಯ ನಂಗೆ ಬುಡು."

ಬಿದಿರಿನ ವಿಷಯದಲ್ಲಿ ತಮ್ಮನ ಮಾತನ್ನು ಊರಲ್ಲಿ ಯಾರೂ ತೆಗೆದುಹಾಕಿದ್ದಿಲ್ಲ. ಮುನಿಸ್ವಾಮಪ್ಪ ಕೋಲು ಕೊಟ್ಟ. ಕೋದಂಡಪ್ಪ ಗಂಗಮ್ಮನಿಗೆ ಕೈಮುಗಿದು, ತನಗೆ ಗೊತ್ತಿದ್ದ ಪ್ರೀತಿಯನ್ನೆಲ್ಲ ಕೂಡಿಸಿ, ಅದನ್ನು ಕೆಸರಿನಲ್ಲಿ ಹೂತ.

ಅಣ್ಣ ಬೆಳಗೆದ್ದರೆ ಕೇಳುತ್ತಿದ್ದ, "ಆಯ್ತೇನ್ಲಾ?" ಚಳಿ ಏರಿತು. ಕೇಳುವ ದನಿ ಸಣ್ಣದಾಗುತ್ತಾ ಬಂತು.

ಕೊನೆಗೆ ಕೋದಂಡಪ್ಪ ಕೆಸರಿಗೆ ಕೈಹಾಕಿ ಎಳೆದಾಗ ಬಂದದ್ದು ಕೋಲಲ್ಲ, ಪೊರಕೆಕಡ್ಡಿಯಂತೆ ಬಿಡಿಬಿಡಿಯಾದ ಸೀಳುಗಳು. ಸಣ್ಣಗೆ ಸೀಳಿದ ಬಿದಿರನ್ನು ಅಂಟಿನಿಂದ ಕೂಡಿಸಿ ಮಾಡಿದ್ದ ಕೋಲದು. ಅಂಟು ನೀರಿನಲ್ಲಿ ಕರಗಿಹೋಗಿತ್ತು. ಬದುಕೆಲ್ಲ ಬಿದಿರು ಮುಟ್ಟಿದವನಿಗೆ, ಮೆರುಗೆಣ್ಣೆಯ ಕೆಳಗಿದ್ದುದು ಒಂದೇ ಬಿದಿರಲ್ಲವೆಂಬುದು ತಿಳಿದಿರಲಿಲ್ಲ.

ಟವೆಲಿನಲ್ಲಿ ಸುತ್ತಿ ತಂದು ಅಣ್ಣನ ಮುಂದೆ ಬಿಚ್ಚಿದ. ಮುನಿಸ್ವಾಮಪ್ಪ ಒಂದು ಸೀಳಿನ ಅಂಚನ್ನು ಸವರಿ ನೋಡಿದ.

"ಸೀಳಿ ಅಂಟ್ಸಿದ್ರಾ! ಅದುಕ್ಕೇ ಅಂಗೆ ಮಿಡೀತಿತ್ತು."

"ಬಯ್ಯಣ್ಣಾ."

"ಬಯ್ಯೋಕೂ ಉಸುರು ಬೇಕಲ್ಲೋ," ಎಂದು ನಕ್ಕ. ನಗು ಕೆಮ್ಮಾಯಿತು.

"ನಾಳೇನೇ ಪೇಟೇಗೆ ಓಗ್ಬತ್ತೀನಿ. ಇನ್ನೊಂದು ತತ್ತೀನಿ."

ಮುನಿಸ್ವಾಮಪ್ಪ ಬಲಗೈ ಎತ್ತಿ ನೋಡಿದ. ಅದು ಭುಜದ ತನಕವೂ ಬರಲಿಲ್ಲ. "ಬ್ಯಾಡ ಬುಡ್ಲಾ," ಎಂದ.

ಸಂಕ್ರಾಂತಿಗೆ ಮುಂಚೆಯೇ ಅಣ್ಣ ತೀರಿಕೊಂಡ. ಒಳ್ಳೇದಕ್ಕೇ ಮಾಡಿದ್ದು, ದೇವರು ನೋಡಿದ್ದಾನೆ ಎಂದು ಊರು ಕೋದಂಡಪ್ಪನಿಗೆ ಸಮಾಧಾನ ಹೇಳಿತು. ಮಂಗಮ್ಮನೂ ಅದನ್ನೇ ಹೇಳಿದಳು. ಅವಳಿಗೆ ಮಾತ್ರ ಕೋದಂಡಪ್ಪ ಒಮ್ಮೆ ಅಂದ:

"ಗಾಳಿ ಇರಲಿಲ್ಲ ಅತ್ಗೆ ಅವತ್ತು, ಕೋಲು ತಂದ ದಿನ. ಕೆರೆ ಅಲ್ಲಾಡದಂಗೆ ನಿಂತಿತ್ತು. ಮುರುದ್ರೆ ಮುರೀಲಿ, ಎಸಿಯಣ್ಣಾ ಅನ್ನಬೌದಾಗಿತ್ತು."