ಎರಡು ಗಂಟಿನ ಲಾಡಿ

ನನ್ನ ಮಗನನ್ನು ನಾನು ಮ್ಯಾನೇಜರ್ ಅಂತಲೇ ಕರೆಯುವುದು. ನಾನಿಟ್ಟ ಹೆಸರು ಬೇರೆ ಇದೆ, ಆದರೆ ಅವನು ಆ ಪದವನ್ನು ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡು ಬಂದ ದಿನದಿಂದ ಹಳೇ ಹೆಸರಿಗೆ ಕೆಲಸ ಇಲ್ಲದಾಯಿತು. ನಮ್ಮದು ಬಟ್ಟೆ ಒಗೆದು ಕೊಡುವ ಮನೆ. ಹಿಂದಿನ ಕೋಣೆಯಲ್ಲಿ ಎರಡು ದೊಡ್ಡ ಮಶೀನು, ಅಂಗಳದಲ್ಲಿ ಹನ್ನೊಂದು ಸಾಲು ತಂತಿ, ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು. ಒಗೆಯುವವಳು ನಾನು. ಇಸ್ತ್ರಿ ಮಾಡಿ, ಮಡಿಸಿ, ಮೂಟೆ ಕಟ್ಟಿ, ಪಿಕಪ್ ಗಾಡಿಗೆ ಹೇರಿ, ತಾನೇ ಓಡಿಸಿಕೊಂಡು ಹೋಗಿ ಕೊಟ್ಟು ಬರುವವಳು ನನ್ನ ಸೊಸೆ. ಇಷ್ಟಾದ ಮೇಲೆ ಮ್ಯಾನೇಜ್ ಮಾಡಲು ಉಳಿದದ್ದೇನು ಎಂದು ಒಮ್ಮೆ ಕೇಳಿದ್ದೆ. ಅದೆಲ್ಲ ನಿನಗೆ ಅರ್ಥ ಆಗಲ್ಲ ಅಂದ. ನಿಜ, ಇವತ್ತಿಗೂ ಆಗಿಲ್ಲ.

ನಾಲೆಯ ಆಚೆ ಇರುವ ಆಸ್ಪತ್ರೆಯವರು ತಮ್ಮ ಬಟ್ಟೆಯನ್ನು ಮೂರು ತಿಂಗಳ ಮಟ್ಟಿಗೆ ನಮಗೆ ಕೊಟ್ಟು ನೋಡುತ್ತಿದ್ದರು. ಹಾಸಿಗೆ ಹಾಸು, ದಿಂಬಿನ ಚೀಲ, ರೋಗಿಗಳ ಪೈಜಾಮ, ಎಲ್ಲಕ್ಕಿಂತ ಮುಖ್ಯವಾಗಿ ಆಪರೇಷನ್ ಥಿಯೇಟರಿನ ಹಸಿರು ಗೌನು. ಬೆಳಿಗ್ಗೆ ಏಳು ಗಂಟೆಗೆ ಗೌನು ಅಲ್ಲಿರಬೇಕು, ಒಂದು ದಿನ ತಪ್ಪಿದರೂ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ದೊಡ್ಡ ನರ್ಸ್ ಮೊದಲ ದಿನವೇ ಹೇಳಿದ್ದಳು. ಈ ಕೆಲಸ ಗಟ್ಟಿಯಾದರೆ ನಮ್ಮ ಮನೆ ನಿಲ್ಲುತ್ತದೆ, ಇಲ್ಲವಾದರೆ ಮಶೀನು ಮಾರಬೇಕು ಎನ್ನುವುದು ನನಗೂ ಸೊಸೆಗೂ ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು ಅಂದುಕೊಳ್ಳೋಣ. ಮೂರು ತಿಂಗಳು ಮುಗಿಯಲು ಹನ್ನೆರಡು ದಿನ ಬಾಕಿ ಇದ್ದಾಗ ಗಾಡಿಯ ಟೈರು ನುಣ್ಣಗೆ ಸವೆದು ಹೋಗಿ, ಹೊಸದು ಹಾಕಿಸದೆ ಗತಿ ಇಲ್ಲ ಎನ್ನುವ ಹಾಗಾಯಿತು.

ಆ ನಾಲೆಯನ್ನು ದಾಟುವುದು ಹೇಗೆ ಅಂತ ಹೇಳಲೇಬೇಕು. ದೊಡ್ಡ ಸೇತುವೆ ಹತ್ತೊಂಬತ್ತು ಕಿಲೋಮೀಟರು ಸುತ್ತು. ಹತ್ತಿರದಲ್ಲಿ ಇರುವುದು ಉದ್ದಕ್ಕೆ ಹಾಸಿದ ಎರಡು ಕಬ್ಬಿಣದ ಚಾನೆಲ್ಲು, ಅಷ್ಟೇ. ಎಡದ ಗಾಲಿಗೆ ಒಂದು, ಬಲದ ಗಾಲಿಗೆ ಒಂದು. ಗಾಲಿ ಜಾರದಿರಲಿ ಅಂತ ಚಾನೆಲ್ಲಿನ ಎರಡೂ ಅಂಚು ಗೇಣುದ್ದ ಮೇಲಕ್ಕೆ ಎದ್ದಿವೆ. ನಡುವೆ ಖಾಲಿ, ಕೆಳಗೆ ನೀರು. ಕಂಪನಿಯಿಂದ ಬಂದ ಸಣ್ಣ ಟೈರು ಆ ಅಂಚುಗಳ ನಡುವೆ ಎರಡು ಬೆರಳು ಜಾಗ ಬಿಟ್ಟು ಸಲೀಸಾಗಿ ಹೋಗುತ್ತಿತ್ತು. ಸೊಸೆ ದಿನಾ ಬೆಳಿಗ್ಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾಲಿಗೆ ಕಚ್ಚಿಕೊಂಡು, ಇರುವೆ ನಡಿಗೆಯಲ್ಲಿ ದಾಟಿಸುತ್ತಿದ್ದಳು.

ಟೈರು ಹಾಕಿಸುವ ಮಾತು ಬಂದ ಕೂಡಲೇ ಮ್ಯಾನೇಜರ್ ಚುರುಕಾದ. ಮೂರು ವರ್ಷದಲ್ಲಿ ಒಂದು ಮೂಟೆಯನ್ನೂ ಎತ್ತದವನು ಮೂರು ದಿನ ಟೈರಿನ ಫೋಟೋ ನೋಡುತ್ತಾ ಕೂತ. ಅಗಲದ ಟೈರು ಹಾಕಿಸಿದರೆ ಗಾಡಿಗೆ ಒಂದು ಗತ್ತು ಬರುತ್ತದಂತೆ, ರಸ್ತೆ ಹಿಡಿಯುತ್ತದಂತೆ, ಟೈರು ಕೂರಿಸುವ ಹೊಳೆಯುವ ಅಗಲ ಡಿಸ್ಕೂ ಜೊತೆಗೆ ಬೇಕಂತೆ. ಒಗೆದ ದಿಂಬಿನ ಚೀಲಕ್ಕೆ ಗತ್ತು ಯಾಕೆ ಅಂತ ಕೇಳಿದೆ. ನಮ್ಮನ್ನು ನೋಡಿದರೆ ಜನ ಎದ್ದು ನಿಲ್ಲಬೇಕು ಅಂದ. ಯಾವ ಜನ ಅಂತ ನಾನು ಕೇಳಲಿಲ್ಲ. ಬೆಳಿಗ್ಗೆ ಆರೂವರೆಗೆ ಆ ದಾರಿಯಲ್ಲಿ ಎದ್ದಿರುವುದು ನಾಯಿಗಳು ಮಾತ್ರ.

ಸೊಸೆ ವಾದ ಮಾಡುವವಳಲ್ಲ. ಮಾರನೇ ದಿನ ನಾಲೆಯ ಹತ್ತಿರ ಗಾಡಿ ನಿಲ್ಲಿಸಿ, ಒಗೆಯುವಾಗ ಕಳಚಿ ಬಂದಿದ್ದ ಒಂದು ಪೈಜಾಮದ ಲಾಡಿಯನ್ನು ಚಾನೆಲ್ಲಿಗೆ ಅಡ್ಡ ಹಿಡಿದು, ಒಳ ಅಗಲಕ್ಕೆ ಸರಿಯಾಗಿ ಎರಡು ಗಂಟು ಹಾಕಿಕೊಂಡು ಬಂದಳು. ಮನೆಗೆ ಬಂದು ಅದನ್ನು ನನ್ನ ಕೈಗೆ ಕೊಟ್ಟಳು.

"ಅತ್ತೆ, ಇದು ನಿಮ್ಮ ಹತ್ರ ಇರ್ಲಿ. ಅಂಗಡೀಲಿ ನಾನು ಹೇಳಿದ್ರೆ ಯಾರೂ ಕಿವಿ ಮೇಲೆ ಹಾಕ್ಕೊಳಲ್ಲ. ನೀವು ತೆಗೆದು ತೋರಿಸಿ, ಟೈರು ಈ ಗಂಟಿನ ಒಳಗೇ ಇರ್ಬೇಕು ಅನ್ನಿ."

ಆಯ್ತು ಅಂದೆ. ಮಡಿಸಿ ಎಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಸಂಜೆ ಮೂವರೂ ಟೈರಿನ ಅಂಗಡಿಗೆ ಹೋದೆವು. ಕೆಲಸದಿಂದ ಎದ್ದು ಹಾಗೇ ಹೊರಟದ್ದರಿಂದ ನಾನು ಎಪ್ರನ್ ಕೂಡ ಬಿಚ್ಚಿರಲಿಲ್ಲ. ಅಂಗಡಿಯ ಮುಂದೆ ಒಂದು ಬೆಂಚು. ಅದರ ಮೇಲೆ ಐದಾರು ಗಂಡಸರು ದಿನಾ ಕೂತಿರುತ್ತಾರೆ. ಅವರಲ್ಲಿ ಒಬ್ಬನಿಗೂ ಸ್ವಂತ ಗಾಡಿ ಇಲ್ಲ, ಆದರೆ ಯಾವ ಗಾಡಿಗೆ ಯಾವ ಟೈರು ಅನ್ನುವುದು ಎಲ್ಲರಿಗೂ ಬಾಯಿಪಾಠ. ಅಂಗಡಿಯವನು ಟೈರಿಗೆ ಅದೇನೋ ಎಣ್ಣೆ ಸವರಿ ಮಿರಿಮಿರಿ ಮಾಡಿ ಜೋಡಿಸಿಟ್ಟಿದ್ದ. ಮ್ಯಾನೇಜರ್ ಅಗಲದ ಟೈರಿನ ಮೇಲೆ ಕೈಯಾಡಿಸಿದ ರೀತಿ ನೋಡಬೇಕಿತ್ತು. ನನ್ನ ಮೊಮ್ಮಗಳು ಹುಟ್ಟಿದಾಗ ಅವಳನ್ನೂ ಅಷ್ಟು ಮೃದುವಾಗಿ ಮುಟ್ಟಿರಲಿಲ್ಲ.

ಸೊಸೆ ಮೂಲೆಯಲ್ಲಿದ್ದ ಸಣ್ಣ ಟೈರನ್ನು ತೋರಿಸಿದಳು. ಬೆಂಚು ನಕ್ಕಿತು. ಸೈಕಲ್ಲಿಗಾ ಅಂತ ಒಬ್ಬ ಕೇಳಿದ. ತಂಗಿ, ಇದನ್ನ ಹಾಕಿದರೆ ಗಾಡಿ ಕೋಳಿ ಕಾಲಿನ ಮೇಲೆ ನಿಂತ ಹಾಗೆ ಕಾಣುತ್ತೆ ಅಂದ ಅಂಗಡಿಯವನು. ನನ್ನ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ಹೆಂಡತಿಯನ್ನು ನೋಡಿ ಬೇರೆಯವರು ನಕ್ಕರೆ ತಾನೂ ಸೇರಿಕೊಳ್ಳುವ ಗಂಡಸು ಎಂಥವನು ಅಂತ ನಾನು ಮನಸ್ಸಿನಲ್ಲೇ ಉಗಿದೆ. ಮನಸ್ಸಿನಲ್ಲೇ, ಅದೇ ನನ್ನ ದೊಡ್ಡಸ್ತಿಕೆ.

ಸೊಸೆಯ ಮುಖ ಕೆಂಪಾಯಿತು, ಆದರೆ ದನಿ ಏರಲಿಲ್ಲ. "ಆ ಅಗಲದ್ದು ನಾಲೆ ಚಾನೆಲ್ಲಿಗೆ ಹಿಡಿಯಲ್ಲ. ಅಳತೆ ಅತ್ತೆ ಹತ್ರ ಇದೆ, ಕೇಳಿ" ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಅಂಗಡಿಯವನು, "ಅಮ್ಮಾ, ಮನೆ ಹಿರಿಯರು ನೀವು. ನೀವು ಹೇಳಿದ್ದೇ ಕೊನೆ. ಏನು ಹಾಕ್ಲಿ?" ಎಂದು ಕೇಳಿದ.

ನನ್ನ ಕೈ ಜೇಬಿನಲ್ಲೇ ಇತ್ತು. ಲಾಡಿ ಬೆರಳಿಗೆ ಸಿಕ್ಕಿತ್ತು, ಗಂಟೂ ಸಿಕ್ಕಿತ್ತು. ತೆಗೆದರೆ ನನ್ನ ಮಗ ಆರು ಜನರ ಮುಂದೆ ಪೆದ್ದನಾಗುತ್ತಾನೆ ಅಂತ ಹೊಳೆಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಹೊಳೆಯಿತು, ಅದನ್ನೂ ಹೇಳಿಬಿಡುತ್ತೇನೆ. ಇವತ್ತು ಇಲ್ಲಿ ಇವಳ ಮಾತು ನಡೆದರೆ ನಾಳೆ ಮನೆಯಲ್ಲೂ ನಡೆಯುತ್ತದೆ, ಆಮೇಲೆ ಮಶೀನಿನ ಕೋಣೆಯಲ್ಲೂ ನಡೆಯುತ್ತದೆ. ಮೂವತ್ತು ವರ್ಷ ನಾನು ಕಟ್ಟಿದ ಮನೆ. ಮಗನನ್ನು ಕೈಲಾಗದವನು ಅಂತ ಆಡಿಕೊಳ್ಳುತ್ತಿದ್ದ ನನಗೆ, ಕೈಲಾಗುವ ಸೊಸೆಯನ್ನು ಕಂಡರೆ ಹೊಟ್ಟೆಯೊಳಗೆ ಉರಿ.

"ಲಾಡಿ ಮನೇಲೇ ಮರೆತೆ," ಅಂದೆ. "ಅವನಿಗೆ ಬೇಕಾದ್ದು ಹಾಕಪ್ಪ."

ಸೊಸೆ ನನ್ನನ್ನು ಒಂದು ಕ್ಷಣ ನೋಡಿ, ಆಚೆ ಹೋಗಿ ನಿಂತಳು. ಹಳೇ ಡಿಸ್ಕು ಅಂಗಡಿಯ ಮೂಲೆ ಸೇರಿದವು. ಮ್ಯಾನೇಜರ್ ಹೊಸ ಗಾಲಿಗಳ ಜೊತೆ ಫೋಟೋ ತೆಗೆಸಿಕೊಂಡ, ನಾಲ್ಕರ ಜೊತೆಗೂ ಬೇರೆಬೇರೆ. ಸ್ಟೆಪ್ನಿ ಮಾತ್ರ ಹಳೆಯದೇ ಉಳಿಯಿತು, ಏಕೆಂದರೆ ಅದು ಯಾರಿಗೂ ಕಾಣುವುದಿಲ್ಲ.

ಮಾರನೇ ಬೆಳಿಗ್ಗೆ ಒಂದು ಆಶ್ಚರ್ಯ ಕಾದಿತ್ತು: ಮ್ಯಾನೇಜರ್ ಆರಕ್ಕೇ ಎದ್ದು, ಶೂ ಒರೆಸಿಕೊಂಡು ಗಾಡಿಯಲ್ಲಿ ಕೂತಿದ್ದ. ಹೊಸ ಟೈರಿನ ಮೊದಲ ಸವಾರಿ ತಪ್ಪಿಸಿಕೊಳ್ಳಬಾರದಲ್ಲ. ಅದೇ ಎಪ್ರನ್ನಿನಲ್ಲಿ ನಾನೂ ಹಿಂದೆ ಮೂಟೆಗಳ ಜೊತೆ ಹತ್ತಿದೆ. ಸುತ್ತು ಹಾಕಿ ಸೇತುವೆ ಕಡೆಯಿಂದ ಹೋಗೋಣ, ಬೇಗ ಹೊರಡೋಣ ಎಂದು ಸೊಸೆ ಹೇಳಿದ್ದಳು. ಹೊಸ ಟೈರು ಹಾಕಿಸಿ ಸುತ್ತು ಹಾಕುವವರುಂಟೇ ಅಂತ ಅವನು ಒಪ್ಪಲಿಲ್ಲ.

ನಾಲೆಯ ಹತ್ತಿರ ಸೊಸೆ ಗಾಡಿ ನಿಲ್ಲಿಸಿ ಇಳಿದಳು. ಬಗ್ಗಿ ನೋಡಿ, ಹೋಗಲ್ಲ ಅಂದಳು. ರಬ್ಬರು ಅಲ್ಲವಾ, ಒತ್ತಿಕೊಂಡು ಒಳಗೆ ಕೂರುತ್ತೆ ಅಂದ ನನ್ನ ಮಗ. ನಿನಗೆ ಧೈರ್ಯ ಇಲ್ಲದಿದ್ದರೆ ಪಕ್ಕಕ್ಕೆ ನಿಲ್ಲು ಅಂತ ತಾನೇ ಸ್ಟೇರಿಂಗ್ ಹಿಡಿದ. ನಾನು ಹಿಂದಿನಿಂದ ಬೇಡವೋ ಅಂತ ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಕೂಗಬೇಕಾದ ಜಾಗ ಅಂಗಡಿಯಾಗಿತ್ತು.

ಒಂದು ವಿಷಯದಲ್ಲಿ ಅವನ ಮಾತು ಸರಿ. ರಬ್ಬರು ಒತ್ತಿಕೊಂಡು ಒಳಗೆ ಕೂತಿತು. ಸೀಸೆಗೆ ಬಿರಡೆ ಕೂರುವ ಹಾಗೆ ಕೂತಿತು. ಕಿರ್ರೋ ಅಂತ ಉಜ್ಜಿಕೊಂಡು ಗಾಡಿ ನಾಲೆಯ ನಡುವಿನವರೆಗೆ ಹೋಯಿತು, ಅಲ್ಲಿ ಎಡಗಡೆಯ ಮುಂದಿನ ಟೈರಿನ ಕೆನ್ನೆಯನ್ನು ಚಾನೆಲ್ಲಿನ ಅಂಚು ಕುಯ್ದು ಹಾಕಿತು. ಢಬ್ಬೆಂದ ಸದ್ದಿಗೆ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಅಂತೂ ಯಾರೋ ಎದ್ದರು. ಆಮೇಲೆ ಗಾಡಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಗಂಟೆ ಏಳಕ್ಕೆ ಹದಿನೆಂಟು ನಿಮಿಷ.

ಸೊಸೆ ಬೈಯಲಿಲ್ಲ. ದಂಡೆಯಿಂದ ಚಾನೆಲ್ಲಿನ ಮೇಲೆ ನಡೆದು ಬಂದು, ಹಿಂದಿನಿಂದ ಗಾಡಿ ಹತ್ತಿ, ಮೂಟೆಗಳ ರಾಶಿಯಲ್ಲಿ ಹಸಿರು ಗೌನಿನ ಎರಡು ಮೂಟೆ ಹುಡುಕಿ ಎಳೆದಳು. ಬಾಗಿಲಿನ ಪಕ್ಕ ಕಾಲಿಡಲು ಜಾಗ ಇಲ್ಲ, ಕೆಳಗೆ ನೀರು. ದಾರಿ ಇದ್ದದ್ದು ಒಂದೇ, ಗಾಡಿಯ ತಲೆ ಮೇಲೆ ಹತ್ತಿ ಬಾನೆಟ್ ಮೇಲಿಂದ ಮುಂದಕ್ಕೆ ಇಳಿಯುವುದು. ಅವಳು ಒಂದು ಮೂಟೆ ಹೊತ್ತು ಇಳಿದಳು. ಇನ್ನೊಂದು ನನ್ನ ತಲೆ ಮೇಲೆ. ಐವತ್ತೆಂಟು ವರ್ಷದ ನಾನು ಗಾಡಿಯ ನೆತ್ತಿಯ ಮೇಲೆ ನಿಂತು ಇಳಿಯುವುದು ಹೇಗೆ ಅಂತ ನೋಡುತ್ತಿದ್ದಾಗ, ಮ್ಯಾನೇಜರ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಅಮ್ಮಾ, ನಿಧಾನ. ಬಾನೆಟ್ಟಿಗೆ ಗೀರು ಬೀಳುತ್ತೆ" ಅಂದ.

ನಾನು ಬಾನೆಟ್ ಮೇಲೆ ಬೇಕೆಂತಲೇ ಹಿಮ್ಮಡಿ ಊರಿ ಇಳಿದೆ.

ಮೂಟೆ ಹೊತ್ತು ನಡೆದು ಆಸ್ಪತ್ರೆ ತಲುಪಿದಾಗ ಏಳು ಇಪ್ಪತ್ತೈದು. ದೊಡ್ಡ ನರ್ಸ್ ಥಿಯೇಟರಿನ ಬಾಗಿಲಲ್ಲೇ ನಿಂತಿದ್ದಳು. ಮೂಟೆಗಳನ್ನು ಒಳಗೆ ಕಳಿಸಿ, ಗಡಿಯಾರ ನೋಡಿ, ನಮ್ಮನ್ನು ನೋಡಿದಳು. ಸೊಸೆ ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು, ಟೈರು ಹಿಡಿಯಲಿಲ್ಲ, ಗಾಡಿ ನಾಲೆ ಮೇಲೆ ಸಿಕ್ಕಿಕೊಂಡಿದೆ ಎಂದು. ಯಾರ ತಪ್ಪು ಅಂತ ಹೇಳಲಿಲ್ಲ. ಅಳತೆ ನೋಡದೆ ಟೈರು ಹಾಕಿಸುವವರಿಗೆ ಥಿಯೇಟರಿನ ಬಟ್ಟೆ ನಂಬಿ ಕೊಡುವುದು ಹೇಗೆ ಎಂದು ದೊಡ್ಡ ನರ್ಸ್ ಕೇಳಿದಳು. ಕೇಳಿದ್ದು ಸೊಸೆಯನ್ನು.

ಬಾಗಿಲ ಪಕ್ಕದಲ್ಲೇ ಆಪರೇಷನ್ನಿಗೆ ಕಾಯುತ್ತಾ ಒಬ್ಬ ಮುದುಕ ನಿಂತಿದ್ದ. ಒಂದು ಕೈಯಲ್ಲಿ ಗೋಡೆ ಹಿಡಿದಿದ್ದ, ಇನ್ನೊಂದರಲ್ಲಿ ಪೈಜಾಮದ ಸೊಂಟ. ಬಚ್ಚಲಿಗೆ ಹೋಗಬೇಕು, ಪೈಜಾಮಕ್ಕೆ ಲಾಡಿ ಇಲ್ಲ, ನಿನ್ನೆಯಿಂದ ಕೇಳುತ್ತಿದ್ದೇನೆ, ಯಾರೂ ಕೊಡುತ್ತಿಲ್ಲ ಅಂದ. ನಮ್ಮಲ್ಲಿ ಒಗೆದ ಪೈಜಾಮವೇ. ಸೊಸೆ ತನ್ನ ಜೇಬು ತಡಕಿದಳು, ಮೂಟೆ ಕಟ್ಟಿದ್ದ ಬಟ್ಟೆ ಹರಿಯಲು ನೋಡಿದಳು. ಆ ಮುದುಕನ ವಯಸ್ಸಿಗೆ ಆ ಕಾರಿಡಾರಿನಲ್ಲಿ ಅಷ್ಟು ಜನರ ಮುಂದೆ ಪೈಜಾಮ ಹಿಡಿದು ನಿಲ್ಲುವುದು ಎಂಥ ಅವಸ್ಥೆ.

ಎಪ್ರನ್ನಿನ ಜೇಬಿನಲ್ಲಿ ಲಾಡಿ ಇತ್ತು. ತೆಗೆಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತೆಗೆದೆ. ಗಂಟುಗಳು ಬೆರಳಿಗೆ ಬಿಚ್ಚಲಿಲ್ಲ, ಹಲ್ಲು ಹಾಕಬೇಕಾಯಿತು. ಸೊಸೆ ಅದನ್ನು ನೋಡುತ್ತಾ ನಿಂತಿದ್ದಳು. ಒಂದು ಗಂಟು ಬಿಚ್ಚಿತು, ಇನ್ನೊಂದೂ ಬಿಚ್ಚಿತು. ಅವಳು ನನ್ನ ಕೈಯಿಂದ ಲಾಡಿ ತೆಗೆದುಕೊಂಡು, ಮೊಣಕಾಲೂರಿ ಮುದುಕನ ಪೈಜಾಮಕ್ಕೆ ಪಿನ್ನಿನಿಂದ ಏರಿಸಿ ಕಟ್ಟಿಕೊಟ್ಟಳು. ಅವನು ಅವಳ ತಲೆ ಮುಟ್ಟಿ ಬಚ್ಚಲಿಗೆ ಹೋದ.

"ಮನೇಲಿ ಮರೆತಿದ್ರಿ, ಅಲ್ವಾ ಅತ್ತೆ," ಅಂದಳು. ಅಷ್ಟೇ.

ನಾಲ್ಕು ಬೈಗುಳ ಬೈದಿದ್ದರೆ ನಾನೂ ಎಂಟು ಬೈದು ಹಗುರಾಗುತ್ತಿದ್ದೆ. ನಾಚಿಕೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದೊಡ್ಡ ನರ್ಸಿನ ಮುಂದೆ ಹೋಗಿ, ಅಳತೆ ಇವಳು ತಂದಿದ್ದಳು, ನನ್ನ ಹತ್ತಿರ ಇತ್ತು, ನಾನು ಬಚ್ಚಿಟ್ಟೆ, ತಪ್ಪು ಇವಳದಲ್ಲ ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಟೈರಿನ ಅಂಗಡಿಯಲ್ಲಿ ನಾನು ಬೆಂಚಿನವರನ್ನು ನೋಡಿದ ನೋಟವೇ ಅದು. ನಾಳೆ ಏಳಕ್ಕೆ ಗೌನು ಇಲ್ಲಿದ್ದರೆ ಮುಂದಿನ ಮಾತು, ಇಲ್ಲದಿದ್ದರೆ ಮಾತಿಲ್ಲ ಎಂದು ಒಳಗೆ ಹೋದಳು.

ಟ್ರ್ಯಾಕ್ಟರ್ ತರಿಸಿ ಗಾಡಿಯನ್ನು ಹಿಂದಕ್ಕೆ ಎಳೆಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಹರಿದ ಟೈರಿನ ಜಾಗಕ್ಕೆ ಸ್ಟೆಪ್ನಿ ಹಾಕಿಕೊಂಡು, ಒಂದು ಕಾಲು ಸಣ್ಣ, ಮೂರು ಕಾಲು ದಪ್ಪ ಮಾಡಿಕೊಂಡು ಅಂಗಡಿಗೆ ಬಂದೆವು. ಬೆಂಚು ಭರ್ತಿ ಇತ್ತು. ಎಲ್ಲರೂ ಒಟ್ಟಿಗೆ ಎದ್ದು ನಿಂತು ನೋಡಿದರು. ಮ್ಯಾನೇಜರಿಗೆ ಬೇಕಾಗಿದ್ದದ್ದು ಅದೇ ಅಲ್ಲವೇ, ಆದರೆ ಅವನು ಗಾಡಿಯಿಂದ ಇಳಿಯಲೇ ಇಲ್ಲ. ನಮ್ಮ ಹಳೇ ಡಿಸ್ಕು ಇನ್ನೂ ಮೂಲೆಯಲ್ಲೇ ಬಿದ್ದಿದ್ದವು.

ಅಂಗಡಿಯವನು ಸೊಸೆಯನ್ನು ದಾಟಿ ನೇರ ನನ್ನ ಹತ್ತಿರ ಬಂದ. ಏನು ಅಳತೆ ಅಮ್ಮಾ, ಈ ಸಲ ಲಾಡಿ ತಂದಿದೀರಾ, ಏನು ಹಾಕ್ಲಿ ಅಂತ ಕೇಳಿದ.

ಜೇಬಿಗೆ ಕೈ ಹಾಕಿದೆ. ಖಾಲಿ. ಲಾಡಿ ಆಸ್ಪತ್ರೆಯ ಆ ಮುದುಕನ ಸೊಂಟದಲ್ಲಿತ್ತು.

"ನನ್ನನ್ನ ಯಾಕಪ್ಪ ಕೇಳ್ತೀಯ," ಅಂದೆ, ಬೆಂಚಿಗೂ ಗಾಡಿಯೊಳಗೂ ಕೇಳುವ ಹಾಗೆ. "ಗಾಡಿ ಓಡ್ಸೋಳು ಅವಳು. ಅವಳನ್ನ ಕೇಳು."

ಸೊಸೆ ಮೂಲೆಗೆ ಹೋಗಿ ಸಣ್ಣ ಟೈರಿನ ಮೇಲೆ ಕೈ ಇಟ್ಟಳು. ಅಂಗಡಿಯವನು ಅದನ್ನು ಉರುಳಿಸಿಕೊಂಡು ಹೊರಟ. ಅವಳು ಅವನನ್ನು ನಿಲ್ಲಿಸಿ, ಗೇಣು ಹಾಕಿ, ಬೆರಳು ಹಾಕಿ, ನಾಲ್ಕೂ ಟೈರನ್ನು ತಾನೇ ಅಳೆದಳು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.