ಒಂದು ತಲೆಗೆ ಎರಡು ಪ್ಲಗ್ಗು

ಹಲ್ಲಿನ ಡಾಕ್ಟರಿಗೆ ಮಾವನಿಂದ ಬಂದ ಹಳೆಯ ಮೋಟಾರ್ ಸೈಕಲ್ಲೆಂದರೆ ಪಂಚಪ್ರಾಣ. ಆದರೆ ಏರು ಕಂಡರೆ ಸಾಕು, ಅದು ಕೆಮ್ಮಿ, ಏದುಸಿರು ಬಿಟ್ಟು, ನಡುರಸ್ತೆಯಲ್ಲಿ ಮುಷ್ಕರ ಹೂಡುತ್ತಿತ್ತು. ಒಂದು ದಿನ ತರಕಾರಿಯವನು ತಳ್ಳುಗಾಡಿ ನೂಕುತ್ತಲೇ ಅವರನ್ನು ದಾಟಿಹೋಗಿ, ತಿರುಗಿ ನೋಡಿ, "ಡಾಕ್ಟ್ರೇ, ಹಗ್ಗ ಇದೆ, ಹಿಂದೆ ಕಟ್ಕೊಳ್ಳಲಾ?" ಎಂದು ಕೇಳಿದ. ಆ ಅವಮಾನಕ್ಕೆ ಡಾಕ್ಟರು ಅವತ್ತು ಊಟ ಬಿಟ್ಟರು. ಎರಡನೇ ಸಲ ಬಡಿಸಿಕೊಳ್ಳಲಿಲ್ಲ, ಅಷ್ಟೆ.

ಪರಿಹಾರ ಪುಸ್ತಕದಲ್ಲಿ ಸಿಕ್ಕಿತು. ಎಂಜಿನ್ನಿನ ತಲೆಗೆ ಒಂದರ ಬದಲು ಎರಡು ಪ್ಲಗ್ ಕೂರಿಸಿದರೆ ಎರಡು ಕಡೆಯಿಂದಲೂ ಕಿಡಿ ಹಾರಿ, ಪೆಟ್ರೋಲು ಬೇಗ, ಪೂರ್ತಿ ಉರಿಯುತ್ತದಂತೆ.

"ತೂತು ಕೊರೆಯೋದು ತಾನೆ? ಇಪ್ಪತ್ತು ವರ್ಷದಿಂದ ನಾನು ಮಾಡ್ತಿರೋದಾದ್ರೂ ಏನು?" ಎಂದರು ಹೆಂಡತಿಗೆ.

ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. ನೋಟ್‌ಬುಕ್ಕಿನಿಂದ ತಲೆ ಎತ್ತದೆ, "ಹಲ್ಲು ಹೋದ್ರೆ ಇನ್ನೊಂದು ಕಟ್ಟಿಸಬಹುದು ಕಣ್ರೀ. ಅಪ್ಪನ ಗಾಡಿ ತಲೆ ಒಡೀತೋ, ನಿಮ್ಮ ತಲೆ ನನ್ನ ಜವಾಬ್ದಾರಿ ಅಲ್ಲ. ನನ್ನ ತಮ್ಮನ ಹತ್ರ ಕೊರೆಸಿ," ಎಂದರು. ತಮ್ಮನದು ಲೇತ್ ಅಂಗಡಿ.

ಕೊರೆಯುವುದು ಭಾಮೈದ, ಜಾಗ ಗುರುತು ಮಾಡುವುದು ತಾವೇ ಎಂದು ರಾಜಿಯಾಯಿತು. ಡಾಕ್ಟರು ಎಂಜಿನ್ನಿನ ತಲೆ ಬಿಚ್ಚಿ, ಉಜ್ಜಿ ತೊಳೆದು, ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿಸಿ, ಕೊರಳಿಗೆ ಬಿಳಿ ಬಟ್ಟೆಯನ್ನೂ ಸುತ್ತಿದರು. ದೀಪ ಹಾಕಿ, ಪುಟ್ಟ ಕನ್ನಡಿ ಒಳಗೆ ತೂರಿಸಿ, ಗಟ್ಟಿಯಾಗಿ ಮಾತಾಡಿಕೊಂಡರು: "ಎಷ್ಟು ಕರಿ ಕಟ್ಟಿದೆ! ಯಾವತ್ತೂ ಉಜ್ಜಿಲ್ಲ. ಇರಲಿ, ಈಚೆಯಿಂದ ಒಂದು ದೊಡ್ಡ ತೂತು ಹಾಕ್ಸಿ, ತಿರುಪು ಕೊರೆಸಿ, ಕರೆಂಟ್ ಕೊಟ್ರೆ ಸರಿಹೋಗತ್ತೆ."

ಪರದೆಯಾಚೆ ದವಡೆ ಹಿಡಿದು ಕೂತಿದ್ದ ಅಂಚೆಯಣ್ಣ ಸದ್ದಿಲ್ಲದೆ ಎದ್ದ. ಬಾಗಿಲು ದಾಟಿದ ಮೇಲೆ ಸದ್ದು ಮಾಡಿಕೊಂಡೇ ಓಡಿದ. ಹಲ್ಲುನೋವು ಅಲ್ಲಿಗೇ ನಿಂತಿತಂತೆ.

ಭಾಮೈದ ವಾಲ್ವಿಗೆ ತಗುಲದಂತೆ, ಹಳೆಯ ಪ್ಲಗ್ಗಿಗೆ ಎದುರಾಗಿ, ಓರೆಯಾಗಿ ಕೊರೆದು ಅಚ್ಚುಕಟ್ಟಾಗಿ ತಿರುಪಿನ ಗೆರೆ ಹಾಕಿಕೊಟ್ಟ. ಎರಡೂ ಪ್ಲಗ್ಗಿಗೆ ಕರೆಂಟ್ ಕೊಡುವ, ಎರಡು ತಂತಿಯ ಕಾಯಿಲ್ಲೂ ಬಂತು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿದಾಗ ಭಾಮೈದ ಕೇಳಿದ: "ಭಾವ, ಟೈಮಿಂಗ್ ನೋಡಿದ್ರಾ?"

"ಒಂಬತ್ತೂವರೆ," ಎಂದು ಡಾಕ್ಟರು ಕಿಕ್ಕರ್ ಮೇಲೆ ಮೈಭಾರವನ್ನೆಲ್ಲ ಬಿಟ್ಟರು.

ಢಮ್! ಕಿಕ್ಕರ್ ಹೋದ ವೇಗಕ್ಕೆ ದುಪ್ಪಟ್ಟು ವೇಗದಲ್ಲಿ ವಾಪಸ್ಸು ಬಂತು. ಡಾಕ್ಟರು ಅಂಗಳದ ಮೇಲೆ ಹಾರಿ, ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗಳ ನಡುವೆ ಹಾದು, ಯಾರದೋ ಲಂಗವನ್ನು ತಲೆಗೆ ಧರಿಸಿ ಬಕೆಟ್ಟಿನಲ್ಲಿ ಕುಳಿತರು.

"ಗಾಡಿ ಸ್ಟಾರ್ಟ್ ಆಯ್ತಾ?" ಎಂದಿತು ಲಂಗದೊಳಗಿನ ದನಿ.

ಟೀಚರು ಮೊದಲು ಗಂಡನನ್ನು ಬಕೆಟ್ಟಿನಿಂದ ಕಿತ್ತರು, ಆಮೇಲೆ ತಮ್ಮನನ್ನು ವಿಚಾರಿಸಿದರು. ಪಿಸ್ಟನ್ನು ಪೂರ್ತಿ ಮೇಲೆ ಬರುವ ಮುಂಚೆಯೇ ಕಿಡಿ ಹಾರುತ್ತದೆ, ಬೆಂಕಿ ಹಬ್ಬಲು ಹೊತ್ತು ಬೇಕಲ್ಲ, ಅದಕ್ಕೇ ಎಂದು ಅವನು ವಿವರಿಸಿದ.

"ಈಗ ಎರಡು ಕಡೆಯಿಂದ ಹಬ್ಬಿದ್ರೆ ಹೊತ್ತು ಕಮ್ಮಿ ಸಾಕು. ಕಿಡಿ ತಡವಾಗಿ ಬರಬೇಕು. ಹಳೇ ಹೊತ್ತಿಗೇ ಹಚ್ಚಿದ್ರೆ ಬೆಂಕಿ ಮೊದಲೇ ಮುಗಿದು, ಮೇಲೆ ಬರ್ತಿರೋದನ್ನ ಕೆಳಕ್ಕೆ ಒದೆಯುತ್ತೆ. ಏಳನೇ ಕ್ಲಾಸಿನ ಲೆಕ್ಕ!" ಎಂದರು ಟೀಚರು.

"ಅದನ್ನೇ ಅಕ್ಕ ನಾನು ಕೇಳಿದ್ದು. ಭಾವ ಗಡಿಯಾರ ನೋಡಿದ್ರು."

"ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು," ಎಂದು ಟೀಚರು ತಾವೇ ಸ್ಪ್ಯಾನರ್ ಹಿಡಿದರು. ಕಿಡಿಯ ಹೊತ್ತು ತಿದ್ದುವ ತಟ್ಟೆಯನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರು, ಸಾಲದೆನಿಸಿ ಇನ್ನೊಂದಿಷ್ಟು. ಸೆರಗು ಸಿಕ್ಕಿಸಿ ಕಿಕ್ಕರ್ ಒದ್ದರು. ಒಂದೇ ಏಟಿಗೆ ಎಂಜಿನ್ನು ಗುಡುಗುಡು ಎಂದು ಸದ್ದು ಹಾಕಿತು. ಡಾಕ್ಟರಿಗೆ ಕಣ್ಣು ತುಂಬಿಬಂತು. ಪಾದವೂ ಕುಂಬಳಕಾಯಿಯಾಗಿತ್ತು.

"ಒಂದು ರೌಂಡು ನಾನೇ..." ಎಂದು ಎದ್ದವರು ಅಯ್ಯೋ ಎಂದು ಕೂತರು.

"ಹಿಂದೆ ಹತ್ತಿ. ಮೂಳೆ ಡಾಕ್ಟರ ಹತ್ರಕ್ಕೇ ಹೋಗೋಣ," ಎಂದರು ಟೀಚರು.

ಏರು ಬಂತು. ಗಾಡಿ ಕೆಮ್ಮಲೂ ಇಲ್ಲ, ಸೀನಲೂ ಇಲ್ಲ, ಬಾಣದಂತೆ ಹತ್ತಿತು. ಡಾಕ್ಟರು ಹಿಂದಿನಿಂದ ಕಣ್ಣು ಬಿಗಿಯಾಗಿ ಮುಚ್ಚಿ, "ನಿಧಾನ ಕಣೇ, ಪುಣ್ಯಾತ್ಗಿತ್ತಿ!" ಎಂದು ಕೂಗಿದರು. ಆಸ್ಪತ್ರೆ ದಾಟಿ ಎರಡು ಮೈಲಿ ಆದ ಮೇಲೆ ಟೀಚರಿಗೆ ಬ್ರೇಕಿನ ನೆನಪಾಯಿತು.